ಕದಿರಿಕಾ ವಿಹಾರ ಮತ್ತು ಕದ್ರಿಯ ಶೈವಕ್ಷೇತ್ರ

ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಶಾಸನಗಳು ಕರ್ನಾಟಕದ ಮತೇತಿಹಾಸದ ಒಂದು ಮುಖ್ಯ ಲಕ್ಷಣವನ್ನು ತಿಳಿಸುತ್ತವೆ. ವೈದಿಕ ಸಂಪ್ರದಾಯದ ಅರಸರು ಪಲಾಶಿಕೆಯಲ್ಲಿ ಜಿನಾಲಯಕ್ಕೂ ಜೈನ ಸಂಘಗಳಿಗೂ ದಾನಮಾಡಿದರು. ಇದೇ ಔದಾರ್ಯವು ಬೌದ್ಧರ ವಿಷಯದಲ್ಲಿಯೂ ಇದ್ದಿತೆಂಬುದಕ್ಕೆ ಮಂಗಳೂರಿನ ಕದ್ರಿಯು ಉತ್ತಮ ನಿದರ್ಶನವಾಗಿದೆ.

ಕದ್ರಿಯ ಮಂಜುನಾಥ ದೇವಾಲಯದಲ್ಲಿ ಮೂರು ಮುಖ, ಆರು ಕೈಗಳುಳ್ಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಅದರ ಪೀಠದಲ್ಲಿರುವ ಸಂಸ್ಕೃತ ಶಾಸನವು ಆಳುಪ ದೊರೆ ಕುಂದವರ್ಮನು ಕದಿರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನೆಂದು ಹೇಳುತ್ತದೆ. ಅದರ ಕಾಲವನ್ನು ಸಾಮಾನ್ಯವಾಗಿ ಕಲಿವರ್ಷ 4068, ಎಂದರೆ ಕ್ರಿ. ಶ. 968 ಎಂದು ಗ್ರಹಿಸಲಾಗಿದೆ. ಲೋಕೇಶ್ವರನು ಮಹಾಯಾನದ ಅವಲೋಕಿತೇಶ್ವರನೇ ಆಗಿದ್ದಾನೆ. ಆದರೆ ಅದೇ ಶಾಸನವು ಕುಂದವರ್ಮನನ್ನು ಬಾಲಚಂದ್ರನನ್ನು ಧರಿಸಿದ ಶಿವನ ಪಾದಭಕ್ತನೆಂದು ವರ್ಣಿಸುತ್ತದೆ. ಶೈವನಾದ ಅರಸನೇ ಬೌದ್ಧ ವಿಹಾರದಲ್ಲಿ ಪ್ರತಿಷ್ಠೆಯನ್ನು ನೆರವೇರಿಸಿದನೆಂಬುದು ಗಮನಾರ್ಹವಾದುದು.

ಶೈವರು ಬೌದ್ಧರನ್ನು ಹೊರಗಟ್ಟಿ ಈ ಕ್ಷೇತ್ರವನ್ನು ವಶಪಡಿಸಿಕೊಂಡರೆಂಬ ಅಭಿಪ್ರಾಯವುಂಟು. ಶಾಸನದ ಸಾಕ್ಷ್ಯವು ಇದಕ್ಕೆ ಪೋಷಕವಾಗಿಲ್ಲ. ಮಂಜುನಾಥನೆಂಬ ಹೆಸರು ಬೋಧಿಸತ್ವ ಮಂಜುಘೋಷನಿಂದ ಬಂದುದೆಂದು ಕೆಲವು ವಿದ್ವಾಂಸರು ಊಹಿಸಿರುವರು. ಆದರೆ ಹೆಸರಿನ ಸಾಮ್ಯವೊಂದೇ ಇತಿಹಾಸಕ್ಕೆ ಆಧಾರವಾಗಲಾರದು. ಗುಡ್ಡದ ಮೇಲಿನ ಗುಹೆಗಳನ್ನು ಜನರು ಪಾಂಡವರ ಗುಹೆಗಳೆನ್ನುತ್ತಾರೆ. ಅವು ಭಿಕ್ಷುಗಳ ವಾಸಸ್ಥಾನವಾಗಿದ್ದುವೆಂಬುದೂ ಊಹೆಯೇ. ಆದುದರಿಂದ ಪೀಠದ ಶಾಸನವನ್ನೇ ನಾವು ಮುಖ್ಯ ಪ್ರಮಾಣವಾಗಿ ಹಿಡಿಯಬೇಕು.

ಕದ್ರಿಯ ಮುಂದಿನ ಬೆಳವಣಿಗೆಗೆ ನಾಥಪಂಥವು ಸೇತುವೆಯಾಗಿ ಕಾಣುತ್ತದೆ. ನೇಪಾಳದ ಪಾಟನದಲ್ಲಿ ಒಂದೇ ದೇವತೆಯನ್ನು ಬೌದ್ಧರು ಲೋಕೇಶ್ವರನೆಂದೂ ಹಿಂದೂಗಳು ಮತ್ಸ್ಯೇಂದ್ರನಾಥನೆಂದೂ ಪೂಜಿಸುವರು. ಕದ್ರಿಯಲ್ಲಿಯೂ ಲೋಕೇಶ್ವರ ಮತ್ತು ಮತ್ಸ್ಯೇಂದ್ರನಾಥರಿಬ್ಬರ ವಿಗ್ರಹಗಳಿವೆ. 1623ರಲ್ಲಿ ಇಲ್ಲಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಜೋಗಿಗಳ ಅರಸನನ್ನು ಕಂಡುದಾಗಿ ಬರೆದಿದ್ದಾನೆ. ಇಂದಿಗೂ ಹನ್ನೆರಡು ವರ್ಷಗಳಿಗೊಮ್ಮೆ, ತ್ರ್ಯಂಬಕೇಶ್ವರದ ಸಿಂಹಸ್ಥ ಮೇಳದ ತರುವಾಯ, ನಾಥಯೋಗಿಗಳು ಕಾಲ್ನಡೆಯಿಂದ ಕದ್ರಿಗೆ ಬಂದು ಮಠಕ್ಕೆ ಹೊಸ ಅರಸನನ್ನು ಪಟ್ಟಗಟ್ಟುವರು.

ಕದ್ರಿಯು ಅಪವಾದವೂ ಅಲ್ಲ. ಬಳ್ಳಿಗಾವೆಯಲ್ಲಿ ದಂಡನಾಯಕ ರೂಪಭಟ್ಟಯ್ಯನು 1065ರಲ್ಲಿ ಬೌದ್ಧ ವಿಹಾರವನ್ನು ಕಟ್ಟಿಸಿ, ತಾರಾಭಗವತಿ, ಕೇಶವ, ಲೋಕೇಶ್ವರ ಮತ್ತು ಬೌದ್ಧದೇವರ ಪೂಜೆಗೆ ಒಟ್ಟಿಗೇ ದತ್ತಿಯನ್ನು ಬಿಟ್ಟನು. ಡಂಬಳದ 1095ರ ಶಾಸನವು ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ವಿಹಾರವನ್ನು ಹೆಸರಿಸುತ್ತದೆ. ಅಲ್ಲಿ ವರ್ತಕರು, ಬಳ್ಳಿಗಾವೆಯಲ್ಲಿ ಅಧಿಕಾರಿ, ಕದ್ರಿಯಲ್ಲಿ ಅರಸ. ಪೋಷಕರು ಬೇರೆ ಬೇರೆಯಾದರೂ ನಡೆದ ರೀತಿ ಒಂದೇ.

ಬೌದ್ಧಮತವು ಕನ್ನಡನಾಡಿನಿಂದ ಮರೆಯಾದ ಕಥೆಯನ್ನು ಕೇವಲ ಕಲಹದ ಕಥೆಯೆಂದು ಬೋಧಿಸುವುದು ಈ ಕಾರಣದಿಂದ ಸರಿಯಾಗದು. ಕದ್ರಿಯಲ್ಲಿ ವಿಹಾರದ ಹೆಸರು ಊರಿನ ಹೆಸರಾಗಿ ನಿಂತಿತು. ಸಂಘವು ಇಲ್ಲವಾದರೂ ಅದರ ದೇವತೆಗೆ ಪೂಜೆಯು ತಪ್ಪಲಿಲ್ಲ.