ಕೂಡದ ಎಲುಬು: ಗ್ಲಾಸ್ಗೋ ನಗರದ ಒಂದು ಚಿಕಿತ್ಸೆಯ ಇತಿಹಾಸ

ಎಳೆಯರ ಮುರಿದ ಎಲುಬು ಬೇಗ ಕೂಡುತ್ತದೆಂಬುದು ಪ್ರಾಚೀನರಿಗೂ ವಿದಿತವಾಗಿದ್ದ ಸಂಗತಿ. ಎಳೆವಯಸ್ಸಿನಲ್ಲಿ ಒಂದು ತಿಂಗಳಿಗೆ ದೃಢವಾಗುವ ಎಲುಬು ನಡುವಯಸ್ಸಿನಲ್ಲಿ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲವನ್ನು ಬೇಡುತ್ತದೆಂದು ಸುಶ್ರುತ ಸಂಹಿತೆಯ ಭಗ್ನಚಿಕಿತ್ಸೆಯ ಅಧ್ಯಾಯ ಹೇಳುತ್ತದೆ. ಮಕ್ಕಳ ಎಲುಬನ್ನು ಹೊದ್ದಿರುವ ಪೊರೆ ದಪ್ಪವಾಗಿಯೂ ರಕ್ತಪುಷ್ಟವಾಗಿಯೂ ಇರುವುದೇ ಇದಕ್ಕೆ ಮುಖ್ಯ ಕಾರಣ. ಆದುದರಿಂದ ಮಗುವಿನ ಕೈಯೆಲುಬು ಕೂಡದೆ ಉಳಿಯಿತೆಂದರೆ ಅಲ್ಲಿ ಕೀವು, ರಕ್ತಸಂಚಾರದ ಕೊರತೆ, ತುಂಡುಗಳ ನಡುವಿನ ಅಂತರ ಅಥವಾ ಹುಟ್ಟಿನಿಂದ ಬಂದ ದೋಷ ಏನಾದರೂ ಇದ್ದೇ ಇರಬೇಕು.

ಕೂಡದ ಎಲುಬಿಗೆ ಹಿಂದಿನವರು ಬಲ್ಲ ಉಪಾಯಗಳು ಕೆಲವೇ. ೧೮೦೨ರಲ್ಲಿ ಫಿಲಡೆಲ್ಫಿಯಾದ ಫಿಸಿಕ್ ಎಂಬ ವೈದ್ಯನು ಒಬ್ಬ ನಾವಿಕನ ತೋಳೆಲುಬಿನ ತುಂಡುಗಳ ನಡುವೆ ರೇಷ್ಮೆಯ ಎಳೆಯನ್ನು ಹಾಯಿಸಿ, ಅದರ ಕೆರಳಿಕೆಯಿಂದ ಬೆಸುಗೆಯನ್ನು ಸಾಧಿಸಿದನು. ಆದರೆ ಗಾಯವನ್ನು ತೆರೆದಲ್ಲೆಲ್ಲ ಕೊಳೆಯುವ ಭಯವಿತ್ತು. ೧೮೬೫ರಲ್ಲಿ ಗ್ಲಾಸ್ಗೋದಲ್ಲಿ ಲಿಸ್ಟರನು ಕಾಲು ಮುರಿದ ಹನ್ನೊಂದು ವರ್ಷದ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲವನ್ನು ಬಳಸಿದ ಮೇಲೆ ಆ ಭಯ ಕ್ರಮೇಣ ತಗ್ಗಿತು.

ಲಿಸ್ಟರನ ಶಿಷ್ಯ ವಿಲಿಯಂ ಮೆಕ್ಯೂಯನ್ (೧೮೪೮-೧೯೨೪) ಅದೇ ನಗರದ ರಾಯಲ್ ಇನ್‌ಫರ್ಮರಿಯ ಶಸ್ತ್ರವೈದ್ಯ. ಅವನ ಬಳಿಗೆ ಬಂದ ಒಬ್ಬ ಪುಟ್ಟ ಬಾಲಕನ ತೋಳೆಲುಬು ಕೀವಿನಿಂದ ಸತ್ತು, ಅದರ ಬಹುಭಾಗವನ್ನು ತೆಗೆಯಬೇಕಾಯಿತು. ಪೊರೆಯನ್ನು ಉಳಿಸಿದ್ದರೂ ಒಂದು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಹೊಸ ಎಲುಬು ಬೆಳೆಯಲಿಲ್ಲ. ಕೈ ಜೋತುಬಿದ್ದು ನಿರುಪಯೋಗಿಯಾಯಿತು. ಆಗ ಮೆಕ್ಯೂಯನ್ ಎಲುಬನ್ನು ಸಣ್ಣ ಚೂರುಗಳಾಗಿ ಮಾಡಿ, ಕೆಲವು ತಿಂಗಳ ಅವಧಿಯಲ್ಲಿ ಮೂರು ಸಲ ಆ ತೆರಪಿನಲ್ಲಿ ನೆಟ್ಟನು. ಎಲುಬಿನ ದಂಡದ ಮೂರರಲ್ಲಿ ಎರಡು ಪಾಲಿಗೂ ಮಿಕ್ಕ ಭಾಗ ಹೀಗೆ ಮರಳಿ ನಿರ್ಮಾಣವಾಯಿತೆಂದು ೧೮೮೧ರಲ್ಲಿ ರಾಯಲ್ ಸೊಸೈಟಿಗೆ ನಿವೇದಿಸಿದನು.

ಆ ಚೂರುಗಳು ಬಂದದ್ದು ಎಲ್ಲಿಂದ? ಹೊಗೆ ಕವಿದ ಆ ಕೈಗಾರಿಕಾ ನಗರದಲ್ಲಿ ಬಿಸಿಲೂ ಪೋಷಣೆಯೂ ಸಾಲದೆ ಅಸ್ಥಿಮಾರ್ದವದಿಂದ, ಅಂದರೆ ರಿಕೆಟ್ಸ್ ರೋಗದಿಂದ, ಬಳಲುವ ಮಕ್ಕಳು ಹೇರಳವಾಗಿದ್ದರು. ಅವರ ಸೊಟ್ಟ ಕಾಲುಗಳನ್ನು ನೇರಗೊಳಿಸುವಾಗ ಕತ್ತರಿಸಿ ತೆಗೆದ ತುಂಡುಗಳೇ ಅವು. ಒಂದು ಮಗುವಿನ ಕಾಲನ್ನು ತಿದ್ದಿ ಉಳಿದದ್ದು ಮತ್ತೊಂದು ಮಗುವಿನ ಕೈಯಾಯಿತು. ವೈದ್ಯನ ಹೆಸರನ್ನು ಕಾಪಿಟ್ಟ ಚರಿತ್ರೆ ಈ ಮಕ್ಕಳನ್ನೂ ನೆನೆಯಬೇಕು.

ಮೆಕ್ಯೂಯನನ ಸಿದ್ಧಾಂತವಾದರೋ ಪೂರ್ಣವಾಗಿ ನಿಲ್ಲಲಿಲ್ಲ. ಪೊರೆಯೇ ಎಲುಬನ್ನು ಬೆಳೆಸುತ್ತದೆಂದು ಫ್ರಾನ್ಸಿನ ಒಲಿಯೇ ಸಾಧಿಸಿದ್ದನು. ಮೆಕ್ಯೂಯನ್ ಅದನ್ನು ಅಲ್ಲಗಳೆದು, ಪೊರೆ ಕೇವಲ ಎಲ್ಲೆಯೆಂದೂ ಎಲುಬು ಎಲುಬಿನಿಂದಲೇ ಹುಟ್ಟುತ್ತದೆಂದೂ ವಾದಿಸಿದನು. ಪೊರೆಯ ಒಳಪದರಕ್ಕೆ ಎಲುಬನ್ನು ಸೃಜಿಸುವ ಶಕ್ತಿಯಿದೆಯೆಂದೂ, ನೆಟ್ಟ ಎಲುಬು ಬಹುಮಟ್ಟಿಗೆ ಕರಗಿ ಅದರ ಜಾಡಿನಲ್ಲಿ ಹೊಸ ಎಲುಬು ಬೆಳೆಯುತ್ತದೆಂದೂ ಇಂದು ತಿಳಿದಿದೆ. ವಾದ ಅರೆಯಾದರೂ ಕೈ ಉಳಿಯಿತು. ಬಾಲಕ ಬೆಳೆದು ಕೈದುಡಿಮೆಯಿಂದ ಜೀವಿಸಿದುದನ್ನು ಮೆಕ್ಯೂಯನ್ ಸುಮಾರು ಮೂವತ್ತು ವರ್ಷಗಳ ಬಳಿಕ, ೧೯೧೨ರ ತನ್ನ ಗ್ರಂಥದಲ್ಲಿ ದಾಖಲಿಸಿದನು.

ಕೀವನ್ನು ಮೊದಲು ನಿವಾರಿಸುವುದು, ತುಂಡುಗಳನ್ನು ಅಲುಗದಂತೆ ನಿಲ್ಲಿಸುವುದು, ತೆರಪನ್ನು ಎಲುಬಿನಿಂದ ತುಂಬುವುದು, ಬೆಳವಣಿಗೆಯ ತುದಿಗಳನ್ನು ಕಾಯುವುದು: ಮಕ್ಕಳ ವಿಷಯದಲ್ಲಿ ಇಂದಿಗೂ ಇವೇ ಸೂತ್ರಗಳು. ಸಾಮಾನ್ಯವಾಗಿ ಮಗುವಿನ ಸ್ವಂತ ಎಲುಬನ್ನೇ ಬಳಸುತ್ತಾರೆ. ದೊಡ್ಡ ತೆರಪಿಗೆ, ೧೯೭೫ರಲ್ಲಿ ಆಸ್ಟ್ರೇಲಿಯದ ಟೇಲರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಂತೆ, ಕಾಲಿನ ಕಿರಿಯೆಲುಬನ್ನು ಅದರ ರಕ್ತನಾಳಗಳೊಡನೆ ಕಸಿಮಾಡುವುದೂ ಉಂಟು. ಸಿದ್ಧಾಂತ ಬದಲಾದರೂ ಚಿಕಿತ್ಸೆಯ ಒರೆಗಲ್ಲು ಬದಲಾಗಿಲ್ಲ. ಆಪರೇಷನ್ ಮುಗಿದ ದಿನ ಫಲ ನಿರ್ಧಾರವಾಗದು. ಮಗು ಬೆಳೆದು ಆ ಕೈಯಿಂದ ಏನು ಮಾಡಬಲ್ಲದೆಂಬುದನ್ನು ಕಾದು ನೋಡಬೇಕು.