ಶರೀಫರ ಪದಕ್ಕೆ ಗಿಟಾರಿನ ಶ್ರುತಿ

ಸಾರಕ್ಕಿಯ ನಮ್ಮ ಮನೆಗೆ ಬಂದು ಹೋಗುವ ಹಳೆಯ ವಿದ್ಯಾರ್ಥಿಗಳಲ್ಲೂ ಬಂಧುಗಳಲ್ಲೂ ಒಂದು ವಿಷಯದಲ್ಲಿ ಎರಡು ಪಕ್ಷಗಳಿವೆ. ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರು, ಡ್ರಮ್ಮುಗಳೊಡನೆ ಹಾಡಬಹುದೇ ಎಂಬುದೇ ಆ ವಿಷಯ. ಹಿರಿಯರು ‘ಅಪಚಾರ’ ಎನ್ನುತ್ತಾರೆ. ‘ಹಾಗೆ ಹಾಡದಿದ್ದರೆ ನಮಗೆ ಶರೀಫರ ಹೆಸರೇ ಗೊತ್ತಾಗುತ್ತಿರಲಿಲ್ಲ ಸಾರ್’ ಎಂಬುದು ಕಿರಿಯರ ಉತ್ತರ. ಈ ವಾದಕ್ಕೊಂದು ಇತಿಹಾಸವಿರುವುದರಿಂದ ಅದನ್ನು ಕ್ರಮವಾಗಿ ಬರೆದಿಡುವುದು ಒಳಿತೆನಿಸಿತು.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ‘ಅಂತರಾಗ್ನಿ’ ಎಂಬ ತಂಡ ಕಟ್ಟಿ ಹಾಡುತ್ತಿದ್ದ ಅವರ ಹಾಡುಗಳನ್ನು ಹೊರತರಲು ಧ್ವನಿಮುದ್ರಣ ಸಂಸ್ಥೆಗಳು ಹಲವು ವರ್ಷ ಮುಂದೆ ಬರಲಿಲ್ಲ. ಕೊನೆಗೆ 2008ರಲ್ಲಿ, ಹಿಂದಿ ಚಿತ್ರರಂಗದ ವಿಶಾಲ್–ಶೇಖರ್ ಜೋಡಿ ಅವರ ಮೊದಲ ಆಲ್ಬಮ್ಮನ್ನು ಬಿಡುಗಡೆ ಮಾಡಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿದ್ದ ಕನ್ನಡದ ಎರಡು ಪದಗಳೂ ಶರೀಫರವೇ: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮನೆಯದು.

2010ರಲ್ಲಿ ತಂಡವು ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸಿಕೊಡುವ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು. ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಆಲ್ಬಂ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿಯೂ ಬಂದಿತು. ಕನ್ನಡದ ಒಂದಕ್ಷರವೂ ತಿಳಿಯದವರು ಧಾರವಾಡ ಸೀಮೆಯ ಮಾತಿಗೆ ತಲೆದೂಗಿದರು.

‘ಅಪಚಾರ’ ಎನ್ನುವವರು ಒಂದನ್ನು ಗಮನಿಸಬೇಕು. ಶರೀಫರು (1819–1889) ಹಾಡಿದ್ದನ್ನು ಆಗ ಯಾರೂ ಧ್ವನಿಮುದ್ರಿಸಿಕೊಳ್ಳಲಿಲ್ಲ. ಪದಗಳು ಉಳಿದದ್ದು ಭಜನೆಯವರ ಬಾಯಲ್ಲಿ, ಊರಿಗೊಂದು ಧಾಟಿಯಲ್ಲಿ. ನಮ್ಮ ತಲೆಮಾರು ‘ಶರೀಫರ ಧಾಟಿ’ ಎಂದು ನಂಬಿರುವುದು ಬಹುಮಟ್ಟಿಗೆ ಸಿ. ಅಶ್ವತ್ಥರ ಸಂಯೋಜನೆಯನ್ನು. ಕ್ಯಾಸೆಟ್ಟುಗಳು, 1990ರಲ್ಲಿ ತೆರೆಕಂಡ ನಾಗಾಭರಣರ ಚಿತ್ರ, ಇವೆರಡೂ ಅದನ್ನು ಮನೆಮನೆಗೆ ಮುಟ್ಟಿಸಿದವು. ಒಂದು ಕಾಲಕ್ಕೆ ಅದೂ ಹೊಸತೇ ಆಗಿತ್ತು.

ಆದರೂ ಹಿರಿಯರ ಆಕ್ಷೇಪದಲ್ಲಿ ಒಂದು ತಿರುಳಿದೆ. ಗುಡುಗುಡಿಯ ಪದದಲ್ಲಿ ಮನಸ್ಸೇ ಸಂಚಿ, ಮೋಹವೇ ಕೊಚ್ಚುವ ಭಂಗಿ. ಸೋರುವ ಮನೆ ಎಂದರೆ ಅಜ್ಞಾನದಿಂದ ಶಿಥಿಲವಾದ ನಮ್ಮ ಒಳಮನೆ. ತಾಳ ಜೋರಾದಾಗ ಈ ಅರ್ಥ ಹಿಂದೆ ಸರಿದು, ಕುಣಿಯುವವರಿಗೆ ಬರೀ ಹೊಗೆ ಸೇದುವ ಹಾಡು ಉಳಿದೀತು. ಲಂಡನ್ನಿನ ಶ್ರೋತೃವಿಗೆ ಈ ನಷ್ಟ ಅನಿವಾರ್ಯ. ಜೆ.ಪಿ. ನಗರದ ಕನ್ನಡ ಮಕ್ಕಳಿಗೂ ಅದೇ ಗತಿಯಾದರೆ ದೋಷ ಗಿಟಾರಿನದಲ್ಲ. ಪದದ ಅರ್ಥ ಹೇಳಿಕೊಡದ ಮನೆಯದು, ಶಾಲೆಯದು.

ಶರೀಫರೂ ಕೆಲಕಾಲ ಶಾಲಾ ಮಾಸ್ತರರಾಗಿದ್ದವರು; ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, ಜಾತಿಮತಗಳ ಗೋಡೆ ದಾಟಿದವರು. ವಾದ್ಯದ ಮಡಿ ಅವರನ್ನು ಅಷ್ಟಾಗಿ ಬಾಧಿಸುತ್ತಿರಲಿಲ್ಲವೆಂದೇ ನನ್ನ ಭಾವನೆ. ಆದ್ದರಿಂದ ನನ್ನ ಶಿಷ್ಯರಲ್ಲಿ ಒಂದು ವಿನಂತಿ: ಆಲ್ಬಮ್ಮನ್ನು ಸಂತೋಷವಾಗಿ ಕೇಳಿ, ಮಕ್ಕಳಿಗೂ ಕೇಳಿಸಿ. ಹಾಡು ಮುಗಿದ ಮೇಲೆ ಪದವನ್ನು ನಿಧಾನವಾಗಿ ಓದಿ, ಮನೆ ಯಾವುದು, ಸೋರುತ್ತಿರುವುದು ಏನು ಎಂದು ಅವರನ್ನೇ ಕೇಳಿ ನೋಡಿ.