ಕೈಗಿಂತ ಮೊದಲು ಏಳುವ ಸ್ನಾಯು

ಅಟ್ಟದ ಮೇಲಿನ ಡಬ್ಬಿಗೆಂದು ಅಜ್ಜಿ ಕೈ ಎತ್ತುತ್ತಾರೆ. ಕೈ ಮೇಲೇರುತ್ತಿದ್ದಂತೆ ಮೈ ವಾಲುತ್ತದೆ, ಇನ್ನೊಂದು ಕೈ ಗೋಡೆ ಹುಡುಕುತ್ತದೆ. 'ವಯಸ್ಸಾಯ್ತಲ್ಲ, ಸೊಂಟದಲ್ಲಿ ಬಲ ಇಲ್ಲ' ಎನ್ನುತ್ತಾರೆ ಮನೆಯವರು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಕೈಗೆ ಸಿಗಲು ವಿಜ್ಞಾನಕ್ಕೆ ನಾಲ್ಕೂವರೆ ಶತಮಾನ ಹಿಡಿಯಿತು.

1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಆಂಡ್ರಿಯಾಸ್ ವೆಸಾಲಿಯಸ್‌ನ ಅಂಗರಚನಾ ಗ್ರಂಥದಲ್ಲಿ ಮನುಷ್ಯನ ಸ್ನಾಯುಗಳನ್ನು ಪದರ ಪದರವಾಗಿ ಬಿಡಿಸಿ ತೋರಿಸುವ ಚಿತ್ರಗಳಿವೆ. ಹೊಟ್ಟೆಯ ಪಕ್ಕದಲ್ಲಿ ಇಂಥ ಮೂರು ಹಾಳೆಗಳು ಒಂದರ ಕೆಳಗೊಂದು ಇರುತ್ತವೆ. ಹೊರಗಿನ ಎರಡರ ಎಳೆಗಳು ಓರೆ; ಎಲ್ಲಕ್ಕಿಂತ ಒಳಗಿನದರ ಎಳೆಗಳು ಅಡ್ಡ, ನಡುವಿಗೆ ಸುತ್ತಿದ ಪಟ್ಟಿಯ ಹಾಗೆ. ವೈದ್ಯರು ಇದನ್ನು ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ಎನ್ನುತ್ತಾರೆ. ಇಲ್ಲಿ 'ಅಡ್ಡಸ್ನಾಯು' ಎಂದರೆ ಸಾಕು. ವೆಸಾಲಿಯಸ್‌ನ ಸ್ನಾಯುಮಾನವರು ಬೆಟ್ಟಗುಡ್ಡಗಳ ಹಿನ್ನೆಲೆಯಲ್ಲಿ ನಿಂತೇ ಇರುತ್ತಾರೆ. ಆದರೆ ಶವ ತಾನಾಗಿ ನಿಲ್ಲುವುದಿಲ್ಲ; ಒಂದು ಚಿತ್ರದಲ್ಲಂತೂ ಅದನ್ನು ತೂಗುಹಾಕಿದ ಹಗ್ಗವೂ ಕಾಣುತ್ತದೆ. ಯಾವ ಸ್ನಾಯು ಎಲ್ಲಿದೆ ಎಂಬುದನ್ನು ಶವ ಹೇಳೀತು, ಯಾವಾಗ ಕೆಲಸ ಮಾಡುತ್ತದೆ ಎಂಬುದನ್ನಲ್ಲ.

'ಯಾವಾಗ' ಎಂಬ ಪ್ರಶ್ನೆಗೆ ಮೊದಲ ಸುಳಿವು ಸಿಕ್ಕಿದ್ದು ಸೋವಿಯತ್ ಒಕ್ಕೂಟದಲ್ಲಿ. ನಿಂತ ವ್ಯಕ್ತಿ ಕೈ ಎತ್ತುವಾಗ ಭುಜದ ಸ್ನಾಯುವಿಗಿಂತ ಕ್ಷಣಾಂಶ ಮುಂಚೆಯೇ ಕಾಲಿನ ಸ್ನಾಯುಗಳು ಎಚ್ಚೆತ್ತಿರುತ್ತವೆ ಎಂದು ಬೆಲೆಂಕಿ, ಗುರ್ಫಿಂಕೆಲ್ ಮತ್ತು ಪಾಲ್ಟ್ಸೆವ್ 1967ರಲ್ಲಿ ವರದಿ ಮಾಡಿದರು. ಕೈ ಎತ್ತಿದರೆ ಮೈ ವಾಲುತ್ತದೆ ಎಂಬುದು ಮಿದುಳಿಗೆ ಮೊದಲೇ ಗೊತ್ತು. ಅದಕ್ಕೆ ತಕ್ಕ ಬಂದೋಬಸ್ತು ಮಾಡಿಕೊಂಡೇ ಅದು ಕೈಗೆ ಅಪ್ಪಣೆ ಕೊಡುತ್ತದೆ. ಆದರೆ ಚರ್ಮಕ್ಕೆ ಅಂಟಿಸುವ ವಿದ್ಯುದ್ವಾರಗಳಿಗೆ ಆಳದ ಅಡ್ಡಸ್ನಾಯುವಿನ ಸದ್ದು ಬೇರೆಯಾಗಿ ಕೇಳಿಸದು. ಕೂದಲಿನಂಥ ತಂತಿಯನ್ನು ಸ್ನಾಯುವಿನೊಳಕ್ಕೇ ಇಳಿಸಬೇಕಾಯಿತು. 1992ರಲ್ಲಿ ಸ್ವೀಡನ್ನಿನಲ್ಲಿ ಕ್ರೆಸ್‌ವೆಲ್ ಮತ್ತು ಸಂಗಡಿಗರು ಆ ಕೆಲಸ ಮಾಡಿದರು.

1996ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಸೊಂಟನೋವಿನ 15 ಮಂದಿಯನ್ನೂ ನೋವಿಲ್ಲದ 15 ಮಂದಿಯನ್ನೂ ನಿಲ್ಲಿಸಿ ಕೈ ಎತ್ತಿಸಿದರು. ನೋವಿಲ್ಲದವರಲ್ಲಿ ಹೊಟ್ಟೆಬೆನ್ನುಗಳ ಸ್ನಾಯುಗಳ ಪೈಕಿ ಎಲ್ಲಕ್ಕಿಂತ ಮೊದಲು ಬಿಗಿದದ್ದು ಅಡ್ಡಸ್ನಾಯು. ನೋವಿದ್ದವರಲ್ಲಿ ಅದು ತಡವಾಗಿ ಬಂತು. ಸ್ನಾಯು ಇತ್ತು, ಹೊತ್ತು ತಪ್ಪಿತ್ತು.

ವಯಸ್ಸಾದವರ ಕಥೆಯೂ ಇಲ್ಲಿಗೇ ಬಂದು ಸೇರುತ್ತದೆ. ಮುಪ್ಪಿನಲ್ಲಿ ಸ್ನಾಯು ಕರಗುವುದಕ್ಕೆ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ 1989ರಲ್ಲಿ 'ಸಾರ್ಕೊಪೀನಿಯ' ಎಂದು ಹೆಸರಿಟ್ಟರು. ಥಟ್ಟನೆ ಸೆಟೆಯಬಲ್ಲ ವೇಗದ ಎಳೆಗಳೇ ಹೆಚ್ಚು ಸೊರಗುತ್ತವೆ. ಬೆನ್ನುಮೂಳೆಗೆ ಅಂಟಿಕೊಂಡ ಸಣ್ಣ ಸ್ನಾಯುಗಳೊಳಗೆ ಕೊಬ್ಬು ಸೇರಿಕೊಳ್ಳುತ್ತದೆ. ಆದರೆ ಅಲ್ಟ್ರಾಸೌಂಡ್ ಅಳತೆಗಳಲ್ಲಿ ಒಂದು ಅಚ್ಚರಿಯಿದೆ: ಹೊಟ್ಟೆಯ ಹೊರಪದರಗಳು ತೆಳುವಾದಷ್ಟು ಒಳಗಿನ ಅಡ್ಡಸ್ನಾಯು ತೆಳುವಾಗುವುದಿಲ್ಲ. ಮುಪ್ಪಿನಲ್ಲಿ ಕೆಡುವುದು ದಪ್ಪವಷ್ಟೇ ಅಲ್ಲ, ಮುಂಚಿತವಾಗಿ ಸಜ್ಜಾಗುವ ಆ ಬಂದೋಬಸ್ತು ಕೂಡ, ಅದು ನಿಧಾನವಾಗುತ್ತದೆ. ಅಜ್ಜಿಯ ಕೈ ಹೊರಟಾಗ ಮೈ ಇನ್ನೂ ಸಿದ್ಧವಾಗಿರುವುದಿಲ್ಲ.

ಬ್ರಿಸ್ಬೇನಿನ ಪ್ರಯೋಗದ ಸುದ್ದಿ ಹಬ್ಬಿ, 'ಹೊಕ್ಕುಳನ್ನು ಒಳಕ್ಕೆಳೆದುಕೊಳ್ಳಿ' ಎಂಬುದು ವ್ಯಾಯಾಮಶಾಲೆಗಳ ಮಂತ್ರವಾಯಿತು. ನಮ್ಮಲ್ಲಿ ಕೆಲವರು ಇದು ಉಡ್ಡೀಯಾನ ಬಂಧವೇ ಎಂದು ಬೀಗುವುದುಂಟು. ಮೈಸೂರಿನ ಯೋಗಶಾಲೆಯ ಕೃಷ್ಣಮಾಚಾರ್ಯರು 1934ರ ತಮ್ಮ ಕನ್ನಡ ಗ್ರಂಥ 'ಯೋಗ ಮಕರಂದ'ದಲ್ಲಿ ಬಂಧಗಳನ್ನು ವಿವರಿಸಿದ್ದಾರೆ ಎಂಬುದು ನಿಜ. ಆದರೆ ಉಡ್ಡೀಯಾನದಲ್ಲಿ ಉಸಿರು ಪೂರ್ತಿ ಬಿಟ್ಟು ಪಕ್ಕೆಲುಬು ಹಿಗ್ಗಿಸಿದಾಗ ಸಡಿಲವಾದ ಹೊಟ್ಟೆ ತಾನಾಗಿ ಒಳಸರಿಯುತ್ತದೆ. ಅಲ್ಲಿ ಸ್ನಾಯು ಬಿಗಿಯುವುದಿಲ್ಲ. ಎರಡನ್ನೂ ಒಂದೇ ಎನ್ನುವುದು ಅವಸರದ ಮಾತು.

ಮಂತ್ರಕ್ಕೂ ಆಕ್ಷೇಪ ಬಂತು. 2010ರಲ್ಲಿ ಇಯಾಲ್ ಲೆಡರ್‌ಮನ್ ಇದನ್ನು ಮಿಥ್ಯೆ ಎಂದೇ ಕರೆದು ಲೇಖನ ಬರೆದರು. ದೀರ್ಘಕಾಲದಲ್ಲಿ ಸೊಂಟನೋವಿಗೆ ಆಳದ ಸ್ನಾಯುಗಳ ವಿಶೇಷ ವ್ಯಾಯಾಮ ಬೇರೆ ವ್ಯಾಯಾಮಗಳಿಗಿಂತ ಮೇಲಲ್ಲ ಎಂದು 2014ರ ಒಂದು ಸಮೀಕ್ಷೆ ಕಂಡುಕೊಂಡಿತು. ಒಂದು ಸ್ನಾಯುವನ್ನು ಬೇರ್ಪಡಿಸಿ ಪಳಗಿಸುವ ಆಸೆ ಅಲ್ಲಿಗೆ ಸೊರಗಿತು.

ಮುದುಕರು ಬೀಳುವುದನ್ನು ತಡೆಯುವ ದಾರಿ ಬೇರೆ ಕಡೆಯಿಂದ ತೆರೆಯಿತು. 60 ದಾಟಿದ 23,407 ಮಂದಿ ಪಾಲ್ಗೊಂಡ 108 ಪ್ರಯೋಗಗಳನ್ನು ಒಟ್ಟಾಗಿ ನೋಡಿದ 2019ರ ಕಾಕ್ರನ್ ಸಮೀಕ್ಷೆಯ ಪ್ರಕಾರ ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ 23ರಷ್ಟು ಕಡಿಮೆಯಾಗುತ್ತದೆ. ಇಲ್ಲಿ ಮುಖ್ಯವಾದದ್ದು ಸಮತೋಲನದ ಅಭ್ಯಾಸ ಮತ್ತು ದಿನನಿತ್ಯದ ಚಲನೆಗಳ ಅಭ್ಯಾಸ: ಕುರ್ಚಿಯಿಂದ ಏಳುವುದು ಕೂರುವುದು, ಮೆಟ್ಟಿಲು ಹತ್ತುವುದು, ನಿಂತಲ್ಲೇ ಕೈ ಚಾಚುವುದು.